ಐದು ಡ್ರೈವರ್‌ನ ಇಯರ್‌ಫೋನ್ ಕೊಳ್ಳೋದಾ, ಒಂದರದ್ದಾ?

ಅಕ್ಕನ ಮಗ ಕಳೆದ ತಿಂಗಳು ಮನೆಗೆ ಬಂದಿದ್ದ. ತುಮಕೂರಿನಲ್ಲೇ ಇಂಜಿನಿಯರಿಂಗ್ ಮುಗಿಸಿ ಈಗ ದಿನಾ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತಾನೆ. ಫೋನ್ ಮುಂದೆ ಹಿಡಿದು, "ಮಾಮ, ಇಲ್ನೋಡು. ಒಂದೊಂದು ಕಿವಿಗೆ ಐದೈದು ಡ್ರೈವರ್ ಅಂತೆ. ಇನ್ನೊಂದರಲ್ಲಿ ಒಂದೇ ಒಂದು. ಬೆಲೆ ಹೆಚ್ಚುಕಮ್ಮಿ ಒಂದೇ. ಐದಿರೋದೇ ತಗೊಳ್ಳಲಾ?" ಅಂದ. ಡ್ರೈವರ್ ಅಂದರೆ ಇಯರ್‌ಫೋನಿನೊಳಗೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್.

"ಕ್ಯಾತ್ಸಂದ್ರಕ್ಕೆ ಇಡ್ಲಿ ತಿನ್ನೋಕೆ ಹೋಗ್ತೀಯಲ್ಲ, ತಟ್ಟೆ ದೊಡ್ಡದು ಅಂತ ಹೋಗ್ತೀಯೋ, ಹಿಟ್ಟು ಚೆನ್ನಾಗಿದೆ ಅಂತ ಹೋಗ್ತೀಯೋ?" ಅಂದೆ. ನಕ್ಕ. ಆದರೆ ನಕ್ಕರೆ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವಲ್ಲ. ನನ್ನ ಮೇಜಿನ ಡ್ರಾಯರ್‌ನಲ್ಲಿ ನಾಲ್ಕು ಬಗೆಯ ಇಯರ್‌ಫೋನ್ ಇವೆ. ನಾಲ್ಕನ್ನೂ ಅವನ ಕೈಗೆ ಕೊಟ್ಟು, ವಾರಕ್ಕೊಂದರಂತೆ ರೈಲಿನಲ್ಲಿ ಕೇಳಿ ನೋಡು ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡ್ರೈವರ್ ಎಷ್ಟು ಅನ್ನೋದರಿಂದ ಸದ್ದು ಹೇಗಿದೆ ಅಂತ ಏನೂ ಗೊತ್ತಾಗುವುದಿಲ್ಲ. ಯಾವ ಬಗೆಯ ಡ್ರೈವರ್ ಅನ್ನೋದರಿಂದ ಸ್ವಲ್ಪ ಗೊತ್ತಾಗುತ್ತದೆ. ಎಲ್ಲಿ ಕೂತು ಕೇಳುತ್ತೀರಿ, ಕಿವಿಯೊಳಗೆ ಅದು ಎಷ್ಟು ಬಿಗಿಯಾಗಿ ಕೂರುತ್ತದೆ ಅನ್ನೋದು ಇವೆರಡಕ್ಕಿಂತಲೂ ಮುಖ್ಯ.

ಮೊದಲು ಕಿವಿ

ತುಮಕೂರಿನಿಂದ ಯಶವಂತಪುರಕ್ಕೆ ಒಂದೂವರೆ ಗಂಟೆ ಆಸುಪಾಸು. ಹಿರೇಹಳ್ಳಿ ದಾಟಿ ಗಾಡಿ ವೇಗ ಹಿಡಿಯಿತು ಅಂದರೆ ಗಾಲಿಯ ಗುಡುಗುಡು ಶುರು. ತಲೆ ಮೇಲೆ ಫ್ಯಾನು, ಕಿಟಕಿಯಲ್ಲಿ ಗಾಳಿ. ಈ ಸದ್ದಿನಲ್ಲಿ ಬಹುಪಾಲು ತಗ್ಗಿನ ಸದ್ದೇ, ಅಂದರೆ ಬೇಸ್ ಇರುವ ಜಾಗದ್ದೇ. ಹಾಗಾಗಿ ಹಾಡಿನಲ್ಲಿ ಮೊದಲು ಕಳೆದುಹೋಗುವುದೂ ಬೇಸೇ. ತಂಬೂರಿಯ ಮಂದ್ರ, ಮೃದಂಗದ ಎಡಭಾಗದ ಗುಂಕಾರ, ಎಲ್ಲ ಮಾಯ. ಉಳಿಯುವುದು ತೆಳ್ಳಗಿನ ದನಿ ಮಾತ್ರ. ನಾವು ಏನು ಮಾಡುತ್ತೇವೆ? ವಾಲ್ಯೂಮ್ ಏರಿಸುತ್ತೇವೆ.

ಏರಿಸುವ ಮುಂಚೆ ಇಯರ್‌ಫೋನಿನ ತುದಿಯ ರಬ್ಬರ್ ಬಡ್ ನೋಡಿ. ಕಿವಿಯ ನಾಳ ಉದ್ದದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರ್ ಅಷ್ಟೇ. ಆ ಪುಟ್ಟ ಜಾಗದ ಗಾಳಿ ಪೂರ್ತಿ ಮುಚ್ಚಿಕೊಂಡಿದ್ದರೆ, ಹೆಸರುಕಾಳಿನಷ್ಟು ಡ್ರೈವರ್ ಕೂಡ ಅದನ್ನು ಒತ್ತಿ ಬೇಸ್ ಕೊಡಬಲ್ಲದು. ಎಲ್ಲೋ ಒಂದು ಕಡೆ ಸಂದು ಬಿಟ್ಟಿತೋ, ಮುಗಿಯಿತು. ವಾಷರ್ ಹೋದ ಸೈಕಲ್ ಪಂಪ್ ಇದ್ದ ಹಾಗೆ. ಎಷ್ಟು ಒತ್ತಿದರೂ ಗಾಳಿ ಪಕ್ಕದಿಂದ ಪುಸ್ ಅಂತ ಹೋಗುತ್ತದೆ. ಹತ್ತು ಸಾವಿರದ ಇಯರ್‌ಫೋನ್ ಆಗಲಿ, ಐನೂರರದ್ದಾಗಲಿ, ಸಂದು ಬಿಟ್ಟರೆ ಎರಡೂ ಒಂದೇ ಥರ ಕೀರಲು.

ಪರೀಕ್ಷೆ ಸುಲಭ. ಹಾಡು ಹಾಕಿ ಎರಡೂ ಬದಿಯನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಬೇಸ್ ತಟ್ಟನೆ ಎದ್ದು ಬಂದರೆ ನಿಮ್ಮ ಬಡ್ ಚಿಕ್ಕದು, ಇಲ್ಲವೇ ಸರಿಯಾಗಿ ಕೂತಿಲ್ಲ. ಪೆಟ್ಟಿಗೆಯಲ್ಲಿ ಮೂರು ಅಳತೆಯ ಬಡ್ ಕೊಟ್ಟಿರುತ್ತಾರೆ. ನೂರಕ್ಕೆ ತೊಂಬತ್ತು ಜನ ಹಾಕಿಕೊಂಡು ಬಂದಿದ್ದನ್ನು ಬಿಚ್ಚುವುದೇ ಇಲ್ಲ ಅಂತ ನನ್ನ ಗುಮಾನಿ. ರೈಲಿಗೆ ಫೋಮ್ ಬಡ್ ಇನ್ನೂ ಒಳ್ಳೆಯದು. ಬೆರಳಲ್ಲಿ ಹಿಸುಕಿ ಕಿವಿಗಿಟ್ಟರೆ ಒಳಗೆ ಅರಳಿ ಕೂರುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರ, ಒಂಚೂರು ಮಂಕಾಗುತ್ತದೆ, ಕೆಲವು ತಿಂಗಳಿಗೆ ಹಳೆಯದಾಗುತ್ತದೆ, ಅಷ್ಟೇ.

ಇದು ಬರೀ ರುಚಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ ಬರೀ 4 ಗಂಟೆ. ದಿನಾ ಹೋಗಿ ಬರುವುದಕ್ಕೆ ಮೂರು ಗಂಟೆ ಅಂದುಕೊಳ್ಳಿ. ವಾಲ್ಯೂಮ್ ಏರಿಸಿ ಕೇಳಿದರೆ ವಾರದ ಕೋಟಾ ಮಂಗಳವಾರಕ್ಕೇ ಖಾಲಿ.

ಒಂದೇ ತಟ್ಟೆ: ಡೈನಾಮಿಕ್

ಊರ ಹಬ್ಬದ ಮೈಕ್‌ಸೆಟ್‌ನ ದೊಡ್ಡ ಸ್ಪೀಕರ್ ಡಬ್ಬ ನೋಡಿದ್ದೀರಲ್ಲ, ಡೈನಾಮಿಕ್ ಡ್ರೈವರ್ ಅಂದರೆ ಅದೇ, ಉಗುರಿನಷ್ಟು ಚಿಕ್ಕದಾಗಿ. ಒಂದು ಆಯಸ್ಕಾಂತ, ಅದರ ಸಂದಿಯಲ್ಲಿ ತಾಮ್ರದ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳು ಪೊರೆ. ಸುರುಳಿಯಲ್ಲಿ ಕರೆಂಟ್ ಹರಿದಾಗ ಪೊರೆ ಹಿಂದೆ ಮುಂದೆ ಆಡುತ್ತದೆ. ಗಾಳಿ ಅಲುಗುತ್ತದೆ. ಪೊರೆಯ ಅಗಲ ಸಾಮಾನ್ಯವಾಗಿ 6ರಿಂದ 12 ಎಂಎಂ.

ಇದರ ಗುಣ ಬೇಸ್‌ನಲ್ಲಿದೆ. ತಮಟೆ ಏಟು ಬಿದ್ದರೆ ಏಟಿನ ಹಿಂದಿನ ಗಾಳಿಯೂ ಬಂದು ತಾಕಿದ ಹಾಗೆ ಇರುತ್ತದೆ. ಮೃದಂಗದ ಗುಂಕಾರ ಎದ್ದು, ಸಾವಕಾಶವಾಗಿ ಕರಗುತ್ತದೆ. ದನಿಯಲ್ಲಿ ಒಂದು ಮೈ ಇರುತ್ತದೆ. ಮಂದ್ರದಿಂದ ತಾರದವರೆಗೆ ಒಂದೇ ಪೊರೆ ಎಲ್ಲವನ್ನೂ ಹಾಡುವುದರಿಂದ ಹೊಲಿಗೆ ಕಾಣುವುದಿಲ್ಲ.

ಕೊರತೆಯೂ ಅಲ್ಲೇ ಇದೆ. ಒಂದೇ ಪೊರೆ ಎಲ್ಲ ಕೆಲಸ ಮಾಡಬೇಕು. ಡೋಲಿನ ಏಟಿಗೆ ದೂರ ಆಡಬೇಕು, ಅದೇ ಹೊತ್ತಿಗೆ ತಾಳದ ಕಿಣಿಕಿಣಿಗೆ ಸಾವಿರಾರು ಸಲ ನಡುಗಬೇಕು. ಕಡಿಮೆ ಬೆಲೆಯ ಪೊರೆಗಳು ಮೇಲಿನ ಸ್ವರಗಳಲ್ಲಿ ಒಟ್ಟಾಗಿ ಅಲುಗದೆ ಅಲ್ಲಲ್ಲಿ ಮಡಚಿಕೊಂಡು ಅಲುಗುತ್ತವೆ. ಆಗ ಸದ್ದು ಒರಟಾಗುತ್ತದೆ. ಅದಕ್ಕೇ ಪೊರೆಗೆ ಬೆರಿಲಿಯಂ, ವಜ್ರದಂಥ ಕಾರ್ಬನ್ ಅಂತೆಲ್ಲ ಲೇಪ ಬಳಿಯುವುದು. ಹಗುರವಾಗಿರಬೇಕು, ಗಟ್ಟಿಯೂ ಇರಬೇಕು. ಆದರೆ ಅಗ್ಗದ ಪೆಟ್ಟಿಗೆ ಮೇಲೆ ಬೆರಿಲಿಯಂ ಅಂತ ಇದ್ದರೆ ಅದು ಹಪ್ಪಳಕ್ಕೆ ಸವರಿದ ಎಣ್ಣೆಯಷ್ಟೇ ಅಂತ ತಿಳಿಯಿರಿ.

ಅಗಲದ ವಿಷಯ ಬಂತಲ್ಲ. ಸೆನ್‌ಹೈಸರ್ 2021ರಲ್ಲಿ ತಂದ ಐಇ 900 ಆ ಕಂಪನಿಯ ಎಲ್ಲಕ್ಕಿಂತ ಮೇಲಿನ ಇಯರ್‌ಫೋನ್. ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದರೊಳಗೆ ಇರುವುದು ಒಂದೊಂದು ಕಿವಿಗೆ ಒಂದೇ ಡ್ರೈವರ್, ಅದೂ 7 ಎಂಎಂ. ಇತ್ತ ನಮ್ಮ ಎಂ.ಜಿ. ರಸ್ತೆಯ ಅಂಗಡಿಯಲ್ಲಿ 13 ಎಂಎಂ ಅಂತ ದೊಡ್ಡಕ್ಷರದಲ್ಲಿ ಬರೆದ ಇಯರ್‌ಫೋನ್ ಕೆಲವೇ ನೂರು ರೂಪಾಯಿಗೆ ನೇತಾಡುತ್ತಿರುತ್ತದೆ.

ಡೈನಾಮಿಕ್ ಇಯರ್‌ಫೋನಿನ ಮೈಮೇಲೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಪೊರೆ ಉಸಿರಾಡಲು ಅದು ಬೇಕು. ಇದರಿಂದ ಎರಡು ತೊಂದರೆ. ಹೊರಗಿನ ಸದ್ದು ಸ್ವಲ್ಪ ನುಗ್ಗುತ್ತದೆ, ಕಿಟಕಿ ಪಕ್ಕ ಕೂತರೆ ಗಾಳಿ ಅದರ ಮೇಲೆ ಬೀಸಿ ಭುಸ್ ಅನ್ನುತ್ತದೆ. ಕೆಲವನ್ನು ಕಿವಿಗೆ ತೂರಿಸುವಾಗ ಒಳಗೆ ಕರ್ ಅಂತ ಸಣ್ಣ ಸದ್ದು ಬರುತ್ತದೆ. ಹಾಳಾಯಿತು ಅಂತ ಹೆದರಬೇಡಿ. ಒತ್ತಿದ ಗಾಳಿಗೆ ಪೊರೆ ಮಣಿದ ಸದ್ದು ಅದು. ಬಾಯಿ ತೆರೆದುಕೊಂಡು, ಕಿವಿಯನ್ನು ತುಸು ಮೇಲಕ್ಕೆ ಎಳೆದು ಹಾಕಿದರೆ ಕಡಿಮೆಯಾಗುತ್ತದೆ.

ಕಿವುಡರ ಯಂತ್ರದಿಂದ ಬಂದದ್ದು: ಬಿಎ

ಬ್ಯಾಲೆನ್ಸ್‌ಡ್ ಆರ್ಮೇಚರ್ ಅನ್ನುವುದನ್ನು ಎಲ್ಲರೂ ಬಿಎ ಅಂತಲೇ ಕರೆಯುತ್ತಾರೆ. ಶ್ರವಣ ಸಾಧನಗಳಲ್ಲಿ ಮೊದಲಿನಿಂದ ಇರುವುದು ಇದೇ. ಎರಡು ಆಯಸ್ಕಾಂತಗಳ ನಡುವೆ ಒಂದು ಲೋಹದ ಪಟ್ಟಿ ಸರಿಸಮವಾಗಿ ನಿಂತಿರುತ್ತದೆ. ಸುತ್ತಲಿನ ಸುರುಳಿಗೆ ಕರೆಂಟ್ ಬಂದಾಗ ಪಟ್ಟಿ ಅತ್ತಿತ್ತ ವಾಲುತ್ತದೆ. ಅದಕ್ಕೆ ಸಿಕ್ಕಿಸಿದ ಕೂದಲೆಳೆಯಂಥ ಕಡ್ಡಿ ಒಂದು ಪುಟ್ಟ ಪೊರೆಯನ್ನು ತಳ್ಳುತ್ತದೆ. ಇಡೀ ಸಾಮಾನು ಕೆಲವೇ ಎಂಎಂನ ಲೋಹದ ಡಬ್ಬಿಯೊಳಗೆ. ಈ ಡಬ್ಬಿಗಳನ್ನು ಮಾಡುವುದರಲ್ಲಿ ಅಮೆರಿಕದ ನೋಲ್ಸ್, ಡೆನ್ಮಾರ್ಕ್‌ನ ಸೋನಿಯನ್ ದೊಡ್ಡ ಹೆಸರು.

ಹಾಡು ಕೇಳುವುದಕ್ಕೆ ಇದನ್ನು ತಂದವರಲ್ಲಿ ಇಟಿಮೋಟಿಕ್ ಕಂಪನಿಯವರು ಮೊದಲಿಗರು. 1991ರಲ್ಲಿ ಅವರ ಇಆರ್-4 ಇಯರ್‌ಫೋನ್ ಬಂತು. ಒಂದು ಕಿವಿಗೆ ಒಂದೇ ಬಿಎ. 1995ರಲ್ಲಿ ಅಮೆರಿಕದ ಸೌಂಡ್ ಇಂಜಿನಿಯರ್ ಜೆರ್ರಿ ಹಾರ್ವಿ, ಡ್ರಮ್ಸ್ ನುಡಿಸುವ ಅಲೆಕ್ಸ್ ವ್ಯಾನ್ ಹೇಲನ್‌ಗೆ ವೇದಿಕೆ ಮೇಲೆ ಹಾಕಿಕೊಳ್ಳಲು ಎರಡು ಡ್ರೈವರ್‌ನ ಇಯರ್‌ಫೋನ್ ಕಟ್ಟಿಕೊಟ್ಟ. ಅಲ್ಟಿಮೇಟ್ ಇಯರ್ಸ್ ಅನ್ನುವ ಇಯರ್‌ಫೋನ್ ಕಂಪನಿ ಹುಟ್ಟಿದ್ದು ಅಲ್ಲಿಂದಲೇ.

ಬಿಎ ಯಾಕೆ ಒಂದರಿಂದ ಎರಡು, ಎರಡರಿಂದ ಐದು ಆಯಿತು? ಇಲ್ಲೇ ಜನ ಎಡವುವುದು. ಒಂದು ಬಿಎ ಮಧ್ಯದ ಸ್ವರಗಳನ್ನು ಅಚ್ಚುಕಟ್ಟಾಗಿ ಹಾಡುತ್ತದೆ. ತೀರ ಕೆಳಗೆ, ತೀರ ಮೇಲೆ ಸುಸ್ತಾಗುತ್ತದೆ. ಅದಕ್ಕೆ ಕೆಳಗಿನದಕ್ಕೊಂದು, ಮೇಲಿನದಕ್ಕೊಂದು ಅಂತ ಕೆಲಸ ಹಂಚುತ್ತಾರೆ. ಐದು ಡ್ರೈವರ್ ಅಂದರೆ ಐದು ಪಟ್ಟು ಸದ್ದಲ್ಲ. ಒಬ್ಬನ ಕೈಲಿ ಆಗದ ಕೆಲಸವನ್ನು ಐವರಿಗೆ ಹಂಚಿದ್ದು, ಅಷ್ಟೇ.

ರೈಲಿನಲ್ಲಿ ನನಗೆ ಇಷ್ಟ ಒಂದೇ ಬಿಎ ಇರುವ ಹಳೆಯ ಇಯರ್‌ಫೋನ್. ಮೈ ಪೂರ್ತಿ ಮುಚ್ಚಿರುತ್ತದೆ, ಗಾಳಿ ತೂತು ಇಲ್ಲ, ಕಿವಿಯೊಳಗೆ ಆಳಕ್ಕೆ ಹೋಗುತ್ತದೆ. ಇಟಿಮೋಟಿಕ್‌ನಂಥವು ಹೊರಗಿನ ಸದ್ದನ್ನು 35 ಡೆಸಿಬಲ್‌ಗೂ ಹೆಚ್ಚು ತಗ್ಗಿಸುತ್ತವೆ ಅಂತ ಕಂಪನಿಯ ಮಾತು. ಬ್ಯಾಟರಿ ಇಲ್ಲದೆ ಇಷ್ಟು ಸಿಕ್ಕರೆ ಸಾಕಲ್ವಾ? ವೀಣೆಯ ಮೀಟು, ಹಾಡುವವರ ಉಸಿರು, ಬಾಯಲ್ಲಿ ಅಕ್ಷರ ತಿರುಗುವುದು ಎಲ್ಲ ಕೈಗೆ ಸಿಗುವಂತೆ ಕೇಳುತ್ತದೆ. ಆದರೆ ತಮಟೆ? ತಮಟೆ ಏಟು ಕೇಳುತ್ತದೆ, ಎದೆಗೆ ಬಡಿಯುವುದಿಲ್ಲ. ಪಕ್ಕದ ಬೀದಿಯಲ್ಲಿ ಬಾರಿಸಿದ ಹಾಗೆ.

ಇನ್ನೊಂದು ವಿಚಿತ್ರ ಇದೆ. ಬಿಎ ಕರೆಂಟಿಗೆ ಒಡ್ಡುವ ತಡೆ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ಏರುತ್ತದೆ. ಹಾಗಾಗಿ ಹಳೆಯ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಒಂದು ಥರ, ಫೋನಿನ ಡಾಂಗಲ್‌ಗೆ (ವೈರ್ ಇಯರ್‌ಫೋನ್ ಸಿಕ್ಕಿಸಲು ಫೋನಿಗೆ ಹಾಕುವ ತುಂಡು) ಚುಚ್ಚಿದರೆ ಇನ್ನೊಂದು ಥರ ಕೇಳಬಹುದು. ಇಟಿಮೋಟಿಕ್‌ನ ಇಆರ್-4ಪಿ ಮಾದರಿಗೆ 75 ಓಮ್ ರೆಸಿಸ್ಟರ್ ಇರುವ ಒಂದು ತುಂಡು ಕೇಬಲ್ ಸೇರಿಸಿದರೆ ಅದು ಇಆರ್-4ಎಸ್ ಅನ್ನುವ ಇನ್ನೊಂದು ಮಾದರಿಯ ಥರ ಆಗುತ್ತಿತ್ತು, ಟ್ರೆಬಲ್ ಏರುತ್ತಿತ್ತು. ಡ್ರೈವರ್ ಅದೇ. ಪುಡಿಗಾಸಿನ ರೆಸಿಸ್ಟರ್ ಒಂದಕ್ಕೆ ದನಿ ಬದಲು. ಬಿಎ ಕೊಳ್ಳುವವರು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ತನ್ನದೇ ತಡೆ, ಒಂದೆರಡು ಓಮ್ ಒಳಗಿರುವ ಡಾಂಗಲ್ ಹುಡುಕಿಕೊಳ್ಳಿ. ಡೈನಾಮಿಕ್‌ನಲ್ಲಿ ಈ ರಗಳೆ ಅಷ್ಟಿಲ್ಲ.

ಎರಡೂ ಸೇರಿದರೆ: ಹೈಬ್ರಿಡ್

ಬೇಸ್‌ಗೆ ಡೈನಾಮಿಕ್, ಮೇಲಿನದಕ್ಕೆ ಬಿಎ ಇಟ್ಟರೆ ಎರಡರ ಒಳ್ಳೆಯದೂ ಸಿಗುತ್ತದೆ ಅನ್ನುವುದು ಹೈಬ್ರಿಡ್‌ನ ಯೋಚನೆ. ಎಕೆಜಿ ಕಂಪನಿ 2011ರಲ್ಲಿ ಕೆ3003 ಅಂತ ಒಂದು ಡೈನಾಮಿಕ್, ಎರಡು ಬಿಎ ಇಟ್ಟು ತಂದಾಗ ಅದು ಶ್ರೀಮಂತರ ವಸ್ತು. 2018ರ ಹೊತ್ತಿಗೆ ಚೀನಾದ ಕೆಝಡ್ ಕಂಪನಿಯ ಝಡ್‌ಎಸ್10ನಲ್ಲಿ ಒಂದು ಡೈನಾಮಿಕ್ ಮತ್ತು ನಾಲ್ಕು ಬಿಎ ಸೇರಿ ಐದು ಡ್ರೈವರ್, ಕೆಲವೇ ಸಾವಿರ ರೂಪಾಯಿಗೆ ಸಿಗತೊಡಗಿತು. ನಮ್ಮ ಹುಡುಗ ಫೋನಿನಲ್ಲಿ ತೋರಿಸಿದ್ದೂ ಈ ಜಾತಿಯದ್ದೇ.

ಕಷ್ಟ ಇರುವುದು ಹೊಲಿಗೆಯಲ್ಲಿ. ಯಾವ ಸ್ವರದವರೆಗೆ ಡೈನಾಮಿಕ್ ಹಾಡಬೇಕು, ಎಲ್ಲಿಂದ ಬಿಎ ಎತ್ತಿಕೊಳ್ಳಬೇಕು ಅಂತ ತೀರ್ಮಾನಿಸುವುದು ಕ್ರಾಸ್‌ಓವರ್. ಅಂದರೆ ಕೆಪಾಸಿಟರ್, ರೆಸಿಸ್ಟರ್‌ಗಳ ಪುಟ್ಟ ಮಂಡಳಿ. ಜೊತೆಗೆ ಪ್ರತಿ ಡ್ರೈವರ್‌ನಿಂದ ಕಿವಿಗೆ ಹೋಗುವ ಕೊಳವೆ ಎಷ್ಟು ಉದ್ದ, ಎಷ್ಟು ಸಪೂರ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರು ನಾವು, ನಾಟಕದ ಉದಾಹರಣೆ ಕೊಡದಿದ್ದರೆ ಹೇಗೆ? ಹಾರ್ಮೋನಿಯಂ ಮೇಷ್ಟ್ರು ಸರಿ ಇಲ್ಲದಿದ್ದರೆ ವೇದಿಕೆ ಮೇಲೆ ಐದು ಜನ ಹಾಡುಗಾರರು ನಿಂತರೂ ಗಲಾಟೆ ಜಾಸ್ತಿ ಆಗುತ್ತದೆಯೇ ಹೊರತು ಹಾಡು ಆಗುವುದಿಲ್ಲ.

ಅಗ್ಗದ ಹೈಬ್ರಿಡ್ ಎಲ್ಲಿ ಸಿಕ್ಕಿಬೀಳುತ್ತದೆ ಗೊತ್ತಾ? ಸ, ಶ, ಚ ಅಕ್ಷರಗಳಲ್ಲಿ. ಈ ಅಕ್ಷರಗಳ ಚೂಪು ಇರುವುದು ಸುಮಾರು 5,000ದಿಂದ 8,000 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ) ನಡುವೆ. ಕಿವಿಗೆ ಹತ್ತಿರ, ಮೂತಿಯಲ್ಲೇ ಕೂರಿಸಿದ ಬಿಎ ಅಲ್ಲೇ ಕಿರುಚುತ್ತದೆ. ಭಾವಗೀತೆ ಹಾಡುವವರು ಸಂಜೆ ಅಂದರೆ ಸ್ಸಂಜೆ ಅಂತ ಸೀಟಿ ಹೊಡೆದ ಹಾಗೆ ಕೇಳುತ್ತದೆ. ಮೊದಲ ಐದು ನಿಮಿಷ ಆಹಾ, ಎಷ್ಟು ಸ್ಪಷ್ಟ ಅನ್ನಿಸುತ್ತದೆ. ನಿಡವಂದ ಸ್ಟೇಷನ್ ಬರುವಷ್ಟರಲ್ಲಿ ತಲೆ ಹಿಡಿದಿರುತ್ತದೆ. ಹುಡುಗನಿಗೂ ಹಾಗೇ ಆಯಿತು. ನನ್ನ ಹೈಬ್ರಿಡ್ ತಗೊಂಡು ಹೋದವನು ಮೂರನೇ ದಿನಕ್ಕೆ ವಾಪಸ್ ತಂದ. "ಮಾಮ, ಚೆನ್ನಾಗೇ ಇದೆ, ಆದ್ರೆ ಯಾಕೋ ತೆಗೆದಿಟ್ರೆ ಹಾಯ್ ಅನ್ಸುತ್ತೆ" ಅಂದ. ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಬರೆಯಲಾರೆ.

ಎಲ್ಲ ಹೈಬ್ರಿಡ್ ಕೆಟ್ಟದ್ದು ಅಂತಲ್ಲ. ಚೆನ್ನಾಗಿ ಹೊಲಿದದ್ದು ನಿಜಕ್ಕೂ ಸೊಗಸು. ಆದರೆ ಮೂರು ಸಾವಿರದ ಒಳಗೆ ಐದು ಡ್ರೈವರ್‌ಗಿಂತ ಒಂದು ಒಳ್ಳೆಯ ಡೈನಾಮಿಕ್‌ಗೇ ನನ್ನ ವೋಟು.

ಪ್ಲೇನರ್, ಮತ್ತೆ ಉಳಿದವು

ಪ್ಲೇನರ್‌ನಲ್ಲಿ ಸುರುಳಿ ಬೇರೆ, ಪೊರೆ ಬೇರೆ ಅಲ್ಲ. ತೆಳು ಪೊರೆಯ ಮೇಲೇ ತಂತಿಯ ಗೆರೆ ಎಳೆದಿರುತ್ತಾರೆ, ಆಚೆ ಈಚೆ ಆಯಸ್ಕಾಂತದ ಸಾಲು. ಪೊರೆಯ ನಡುವನ್ನಷ್ಟೇ ತಳ್ಳದೆ ಇಡೀ ಪೊರೆಯನ್ನು ಸಮನಾಗಿ ತಳ್ಳುವುದರಿಂದ ಮಡಚಿಕೊಳ್ಳುವ ತೊಂದರೆ ಕಡಿಮೆ. ಮೊದಲು ಇವು ತಲೆ ಮೇಲೆ ಹಾಕುವ ದೊಡ್ಡ ಹೆಡ್‌ಫೋನ್‌ನಲ್ಲಿ ಮಾತ್ರ ಇದ್ದವು. 2021ರಲ್ಲಿ 7ಹರ್ಟ್ಜ್ ಕಂಪನಿಯ ಟೈಮ್‌ಲೆಸ್ 14.2 ಎಂಎಂ ಪ್ಲೇನರ್ ಇಟ್ಟುಕೊಂಡು ಬಂದ ಮೇಲೆ ಕಿವಿಯೊಳಗಿನ ಪ್ಲೇನರ್ ನಮ್ಮಂಥವರ ಕೈಗೂ ಎಟುಕಿತು. ತನಿ ಆವರ್ತನದಲ್ಲಿ ಮೃದಂಗದ ಮೇಲೆ ಬೆರಳುಗಳು ಎಷ್ಟೇ ವೇಗ ಹಿಡಿದರೂ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಇಂಪೀಡೆನ್ಸ್ ಉದ್ದಕ್ಕೂ ಒಂದೇ, ಹಾಗಾಗಿ ಯಾವುದಕ್ಕೆ ಚುಚ್ಚಿದರೂ ದನಿ ಬದಲಾಗುವುದಿಲ್ಲ. ಆದರೆ ಕರೆಂಟ್ ಜಾಸ್ತಿ ಬೇಡುತ್ತದೆ, ಗಾತ್ರವೂ ದೊಡ್ಡದು. ಚಿಕ್ಕ ಕಿವಿಯವರಿಗೆ ಒಂದು ಗಂಟೆಗೆ ನೋವು ಶುರು. ನನ್ನದು ಮನೆಯಲ್ಲೇ ಇರುತ್ತದೆ.

ಎಲೆಕ್ಟ್ರೋಸ್ಟಾಟಿಕ್ ಅನ್ನುವ ಇನ್ನೊಂದು ಬಗೆಯ ಡ್ರೈವರ್ ಬಗ್ಗೆ ಒಂದೇ ಮಾತು. ಶೂರ್ ಕಂಪನಿ 2015ರಲ್ಲಿ ತಂದ ಕೆಎಸ್‌ಇ1500ಕ್ಕೆ ಅದರದ್ದೇ ಆಂಪ್ಲಿಫೈಯರ್ ಬೇಕು, ಬೆಲೆ 3,000 ಡಾಲರ್ ಆಸುಪಾಸು ಇತ್ತು. ಜೇಬಿನಲ್ಲಿ ಅಷ್ಟಿದ್ದವರು ಈ ಬರಹ ಓದುತ್ತಿರುವುದಿಲ್ಲ ಬಿಡಿ.

ಹಿಟ್ಟು ಹದ ಮಾಡುವುದು

ಹಾಗಾದರೆ ದನಿ ನಿಜವಾಗಿ ಎಲ್ಲಿ ತೀರ್ಮಾನ ಆಗುತ್ತದೆ? ಟ್ಯೂನಿಂಗ್‌ನಲ್ಲಿ, ಅಂದರೆ ಯಾವ ಸ್ವರ ಎಷ್ಟು ಜೋರಾಗಿ ಬರಬೇಕು ಅಂತ ಹದ ಮಾಡುವುದರಲ್ಲಿ. ತೆರೆದ ಕಿವಿಯ ನಾಳ ತಾನೇ ಒಂದು ಪೀಪಿ ಇದ್ದ ಹಾಗೆ. ಸುಮಾರು 3,000 ಹರ್ಟ್ಜ್ ಹತ್ತಿರದ ಸದ್ದನ್ನು ಅದು ಎತ್ತಿ ಕೊಡುತ್ತದೆ. ಹುಟ್ಟಿದಾಗಿನಿಂದ ನಾವು ಲೋಕವನ್ನು ಕೇಳಿರುವುದೇ ಹಾಗೆ. ಇಯರ್‌ಫೋನ್ ತೂರಿಸಿ ನಾಳ ಮುಚ್ಚಿದ ಕೂಡಲೇ ಆ ಏರು ಹೋಗುತ್ತದೆ. ತಯಾರಿಸುವವರು ಅದನ್ನು ತಾವೇ ಸೇರಿಸಬೇಕು. ಕಡಿಮೆ ಸೇರಿಸಿದರೆ ಹಾಡುವವರು ಪರದೆ ಹಿಂದೆ ನಿಂತ ಹಾಗೆ, ಜಾಸ್ತಿ ಸೇರಿಸಿದರೆ ಮುಖಕ್ಕೆ ಮುಖ ಕೊಟ್ಟು ಕೂಗಿದ ಹಾಗೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಕೇಳುಗರನ್ನು ಕೂರಿಸಿ, ಬಹಳ ಜನಕ್ಕೆ ಹಿಡಿಸುವ ಹದ ಯಾವುದು ಅಂತ ಹುಡುಕಿದರು. ಇವತ್ತು ಹರ್ಮನ್ ಟಾರ್ಗೆಟ್ ಅಂತ ಎಲ್ಲೆಡೆ ಕೇಳಿಬರುವ ಗೆರೆ (ಗ್ರಾಫ್) ಅದೇ. ಕೊಳ್ಳುವ ಮುಂಚೆ ಆ ಮಾದರಿಯ ಅಳತೆಯ ಗೆರೆ ಹುಡುಕಿ ನೋಡಿ. 3,000ದ ಹತ್ತಿರ ಹದವಾದ ಗುಡ್ಡ, 5,000ದಿಂದ 8,000ದ ನಡುವೆ ಮೊನಚಾದ ಶಿಖರ ಇಲ್ಲದಿರುವುದು, ಇಷ್ಟು ನೋಡಿದರೂ ಅರ್ಧ ಕೆಲಸ ಆಯಿತು.

ಪೆಟ್ಟಿಗೆ ಮೇಲಿನ ಅಂಕಿಗಳಲ್ಲಿ 40,000 ಹರ್ಟ್ಜ್‌ವರೆಗೆ ಅನ್ನುವುದನ್ನು ಮರೆತುಬಿಡಿ. ಮನುಷ್ಯನ ಕಿವಿ 20,000ಕ್ಕೇ ಮುಗಿಯುತ್ತದೆ. ವಯಸ್ಸಾದಂತೆ ಅದೂ ಇಳಿಯುತ್ತದೆ. ಸೆನ್ಸಿಟಿವಿಟಿ, ಅಂದರೆ ಇಷ್ಟು ಕರೆಂಟಿಗೆ ಎಷ್ಟು ಜೋರು ಅನ್ನುವ ಅಂಕಿ, ನೋಡುವಾಗ ಮಾತ್ರ ಹುಷಾರು. ಒಬ್ಬರು ಒಂದು ಮಿಲಿವ್ಯಾಟ್‌ಗೆ ಇಷ್ಟು ಅಂತ ಬರೆಯುತ್ತಾರೆ, ಇನ್ನೊಬ್ಬರು ಒಂದು ವೋಲ್ಟ್‌ಗೆ ಇಷ್ಟು ಅಂತ. 16 ಓಮ್ ಇಯರ್‌ಫೋನ್‌ಗೆ ಮಿಲಿವ್ಯಾಟ್ ಲೆಕ್ಕದ 100 ಡೆಸಿಬಲ್, ವೋಲ್ಟ್ ಲೆಕ್ಕದ 118 ಡೆಸಿಬಲ್ ಎರಡೂ ಒಂದೇ. ಒಂದು ಸೇರಿನಲ್ಲಿ, ಇನ್ನೊಂದು ಕಿಲೋದಲ್ಲಿ ಅಳೆದ ಹಾಗೆ.

ವೈರ್ ಇಲ್ಲದ್ದು ಬೇಕು ಅನ್ನುವವರಿಗೆ ಡ್ರೈವರ್ ಚರ್ಚೆ ಅಷ್ಟು ಬೇಕಿಲ್ಲ. ಅದರೊಳಗಿನ ಚಿಪ್ಪೇ ದನಿಯನ್ನು ತಿದ್ದಿಕೊಡುತ್ತದೆ. ಸಾಧಾರಣ ಡೈನಾಮಿಕ್ ಕೂಡ ಅಲ್ಲಿ ಜಾಣನಾಗುತ್ತದೆ. ಗಾಲಿ ಸದ್ದಿನಂಥ ಎಡೆಬಿಡದ ತಗ್ಗಿನ ಸದ್ದನ್ನು ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ಅಳಿಸುತ್ತದೆ. ಎದುರು ಸೀಟಿನವರ ಮಾತನ್ನು ಅಷ್ಟಾಗಿ ಅಳಿಸದು. ಬ್ಯಾಟರಿ ಕೆಲವು ವರ್ಷಕ್ಕೆ ಸೋಲುತ್ತದೆ, ಆಮೇಲೆ ಇಡೀ ಸಾಮಾನು ಕಸ. ವೈರ್ ಇರುವುದಾದರೆ ಕೇಬಲ್ ಬಿಚ್ಚಿ ಬದಲಾಯಿಸುವಂಥದ್ದನ್ನೇ ಕೊಳ್ಳಿ. ಮೊದಲು ಕೈಕೊಡುವುದು ಕೇಬಲ್ಲೇ.

ಅಂಗಡಿಯಲ್ಲಿ ಕಿವಿಗೆ ಹಾಕಿ ನೋಡಲು ನಮ್ಮೂರಲ್ಲಿ ಬಿಡುವುದು ಕಡಿಮೆ. ಸ್ನೇಹಿತರದ್ದು ಕಡ ತನ್ನಿ, ನಿಮ್ಮದೇ ಬಡ್ ಹಾಕಿ. ನಿಮಗೆ ಬಾಯಿಪಾಠ ಆಗಿರುವ ಹಾಡನ್ನೇ ಕೇಳಿ. ಬರೀ ತಂಬೂರಿ ಎರಡು ನಿಮಿಷ, ಹೆಣ್ಣುದನಿಯ ಭಾವಗೀತೆ ಒಂದು, ಮೃದಂಗ ಒಂದು, ಕೊನೆಗೆ ವಾರ್ತೆ. ವಾರ್ತೆ ಓದುವವರ ಗಂಟಲು ಕಟ್ಟಿದಂತೆ ಕೇಳಿದರೆ ಹಾಡೂ ಸರಿ ಇರುವುದಿಲ್ಲ.

ನನ್ನ ಬಿಎ ಒಂದು ವರ್ಷದ ಹಿಂದೆ ಬಲಗಡೆ ಪಿಸುಗುಟ್ಟಲು ಶುರು ಮಾಡಿತ್ತು. ರಿಪೇರಿ ಅಂಗಡಿಯವರೊಬ್ಬರು ನೋಡಿ, ಡ್ರೈವರ್ ಹೋಗಿದೆ ಸಾರ್, ಹೊಸದು ತಗೊಳ್ಳಿ ಅಂದರು. ಮನೆಗೆ ತಂದು ಭೂತಗನ್ನಡಿ ಹಿಡಿದೆ. ಮೂತಿಯ ಜಾಲರಿಯಲ್ಲಿ ಗುಗ್ಗೆ ತುಂಬಿತ್ತು. ಮೂತಿಯನ್ನು ಕೆಳಮುಖ ಮಾಡಿ ಒಣ ಬ್ರಷ್‌ನಲ್ಲಿ ಉಜ್ಜಿದೆ, ದನಿ ವಾಪಸ್ ಬಂತು. ಪಿನ್ ಮಾತ್ರ ಹಾಕಬೇಡಿ, ಜಾಲರಿಯ ಹಿಂದೆಯೇ ಡ್ರೈವರ್ ಇರಬಹುದು.

ಹುಡುಗ ಕೊನೆಗೆ ಒಂದೇ ಡೈನಾಮಿಕ್‌ನದ್ದು ಕೊಂಡ. ಉಳಿದ ದುಡ್ಡಿಗೆ ಎರಡು ಜೊತೆ ಫೋಮ್ ಬಡ್ ತರಿಸಿದ. ಮೊನ್ನೆ ಫೋನ್ ಮಾಡಿದ್ದ. "ಮಾಮ, ಎಡಗಡೆ ಮೀಡಿಯಂ ಸರಿಹೋಯ್ತು, ಬಲಗಡೆ ಜಾರ್ತಾನೇ ಇದೆ. ಅಲ್ಲಿ ದೊಡ್ಡದು ಹಾಕ್ಲಾ? ಎರಡು ಕಿವಿಗೆ ಎರಡು ಥರ ಹಾಕಿದ್ರೆ ಪರವಾಗಿಲ್ವಾ?" ಅಂದ. ಪರವಾಗಿಲ್ಲ, ನಾನೂ ಹಾಗೇ ಹಾಕೋದು ಅಂದೆ.